ಅಂಟಿಸಿ ಕೆಡಿಸುವ ಅಣು, ತೂಗಿ ಹಿಡಿಯುವ ಯಂತ್ರ

ಥಾಲಿಡೊಮೈಡ್ ಎಂಬ ಮಾತ್ರೆ ಏನು ಮಾಡಿತೆಂಬುದು 1961ರಲ್ಲೇ ಜಗತ್ತಿಗೆ ಗೊತ್ತಾಯಿತು. ಹೇಗೆ ಮಾಡಿತೆಂಬುದರ ದೊಡ್ಡ ಪಾಲು ಗೊತ್ತಾಗಲು 2018 ಬರಬೇಕಾಯಿತು. ನಡುವಿನ ಅರ್ಧ ಶತಮಾನದಲ್ಲಿ ಹತ್ತಾರು ಊಹೆಗಳು ಬಂದವು, ಹೋದವು. ಗುಟ್ಟನ್ನು ಕೊನೆಗೆ ಹೊರಗೆಳೆದದ್ದು ತೂಕ ಮಾಡುವುದನ್ನು ಬಿಟ್ಟು ಬೇರೇನೂ ಬಾರದ ಒಂದು ಯಂತ್ರ. ಅದರ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್.

ಮೊದಲು ಹಳೆಯ ಕಥೆಯನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. ಪಶ್ಚಿಮ ಜರ್ಮನಿಯ ಗ್ರುನೆಂತಾಲ್ ಕಂಪನಿ 1957ರ ಅಕ್ಟೋಬರ್ 1ರಂದು ಥಾಲಿಡೊಮೈಡನ್ನು ‘ಕಾಂಟೆರ್ಗಾನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅದು ನಿದ್ದೆಯ ಮಾತ್ರೆ. ಇಲಿಗಳಿಗೆ ಎಷ್ಟು ತಿನ್ನಿಸಿದರೂ ಸಾಯುತ್ತಿರಲಿಲ್ಲವಾದ್ದರಿಂದ ಅದರಷ್ಟು ನಿರಪಾಯಕಾರಿ ಮತ್ತೊಂದಿಲ್ಲ ಎಂಬ ಪ್ರಚಾರ ನಡೆಯಿತು. ಬಸುರಿಯರು ವಾಕರಿಕೆ ತಡೆಯಲೂ ಅದನ್ನೇ ನುಂಗಿದರು. ಕೈಕಾಲು ಮೊಳೆಯದ ಕೂಸುಗಳು ಒಂದರ ಹಿಂದೊಂದು ಹುಟ್ಟತೊಡಗಿದವು. ಹ್ಯಾಂಬರ್ಗ್‌ನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಜ್ ಇದಕ್ಕೂ ಮಾತ್ರೆಗೂ ನಂಟಿದೆಯೆಂದು 1961ರ ನವೆಂಬರ್‌ನಲ್ಲಿ ಎಚ್ಚರಿಸಿದರು. ತಿಂಗಳ ಕೊನೆಗೆ ಕಂಪನಿ ಅದನ್ನು ಜರ್ಮನಿಯ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಏಟು ಬಿದ್ದಿತ್ತು. ಅಮೆರಿಕದ ಔಷಧ ಇಲಾಖೆಯ ಫ್ರಾನ್ಸಿಸ್ ಕೆಲ್ಸಿ ಸಾಕ್ಷ್ಯ ಸಾಲದೆಂದು ಅನುಮತಿಯ ಕಡತವನ್ನು ತಡೆಹಿಡಿದು ಕುಳಿತಿದ್ದರಿಂದ ಆ ದೇಶ ಬಹುಮಟ್ಟಿಗೆ ಪಾರಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1964ರಲ್ಲಿ ಜೆರುಸಲೇಮಿನ ವೈದ್ಯ ಜೇಕಬ್ ಶೆಸ್ಕಿನ್, ಕುಷ್ಠರೋಗದ ಗಂಟುಗಳ ಉರಿಯಿಂದ ನರಳಿ ನಿದ್ದೆ ಕಳೆದುಕೊಂಡಿದ್ದ ರೋಗಿಗಳಿಗೆ ಇದೇ ಮಾತ್ರೆ ಕೊಟ್ಟರು. ನಿದ್ದೆಯಷ್ಟೇ ಬರಲಿಲ್ಲ, ಗಂಟುಗಳೂ ಇಳಿದವು. 1999ರಲ್ಲಿ ಸೀಮಾ ಸಿಂಘಾಲ್, ಬಾರ್ಟ್ ಬಾರ್ಲೋಗಿ ಮತ್ತು ಸಂಗಡಿಗರು ಅಮೆರಿಕದ ಅರ್ಕಾನ್ಸಾಸ್‌ನಲ್ಲಿ 84 ಮಂದಿ ಮಲ್ಟಿಪಲ್ ಮೈಲೋಮಾ ರೋಗಿಗಳಿಗೆ ಥಾಲಿಡೊಮೈಡ್ ಕೊಟ್ಟು, ಮೂರರಲ್ಲಿ ಒಂದು ಪಾಲು ಮಂದಿಯಲ್ಲಿ ಆ ಮಜ್ಜೆಯ ಕ್ಯಾನ್ಸರ್ ಹಿಂಜರಿದುದನ್ನು ವರದಿ ಮಾಡಿದರು. ಅದರ ತಮ್ಮನಂತಿರುವ ಲೆನಾಲಿಡೊಮೈಡ್ 2005ರ ಕೊನೆಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು, ಮುಂದೆ ಜಗತ್ತಿನಲ್ಲೇ ಅತಿ ಹೆಚ್ಚು ವಹಿವಾಟಿನ ಕ್ಯಾನ್ಸರ್ ಔಷಧಗಳಲ್ಲಿ ಒಂದಾಯಿತು. ಭ್ರೂಣವನ್ನು ಕೆಡಿಸಿದ್ದೂ ಅದೇ ಕುಲ, ಕ್ಯಾನ್ಸರನ್ನು ತಡೆದದ್ದೂ ಅದೇ ಕುಲ. ಒಳಗೆ ಏನು ನಡೆಯುತ್ತಿದೆ ಎಂಬುದು ಮಾತ್ರ 2010ರವರೆಗೂ ಬರೆದುಕೊಡುತ್ತಿದ್ದ ವೈದ್ಯರಿಗೂ ಗೊತ್ತಿರಲಿಲ್ಲ, ತಯಾರಿಸುತ್ತಿದ್ದ ಕಂಪನಿಗೂ ಗೊತ್ತಿರಲಿಲ್ಲ.

ಇಷ್ಟು ತಡವಾದದ್ದಕ್ಕೆ ಒಂದು ಕಾರಣ, ನಾವು ಕೇಳುತ್ತಿದ್ದ ಪ್ರಶ್ನೆಯೇ ಹಳತಾಗಿತ್ತು.

ತಡೆಯುವ ಮದ್ದು, ಜೋಡಿಸುವ ಮದ್ದು

ಔಷಧ ಹೇಗೆ ಕೆಲಸ ಮಾಡುತ್ತದೆ ಎಂದರೆ ಪಠ್ಯಪುಸ್ತಕ ಕೊಡುವ ಉತ್ತರ ಒಂದೇ: ಅದು ಯಾವುದೋ ಪ್ರೋಟೀನಿನ ಸಂದಿಯಲ್ಲಿ ಹೋಗಿ ಕೂತು ಅದರ ಕೆಲಸವನ್ನು ತಡೆಯುತ್ತದೆ. ಆಸ್ಪಿರಿನ್ ಹಾಗೆಯೇ. ನೋವು, ಬಾವುಗಳಿಗೆ ಕಾರಣವಾಗುವ ವಸ್ತುಗಳನ್ನು ತಯಾರಿಸುವ ಕಿಣ್ವದ ಬಾಯಿಗೆ ಅದು ಬಿರಡೆ ಹಾಕುತ್ತದೆ. ಹಾಗಾಗಿ ಹೊಸ ಔಷಧವೊಂದು ಕೈಗೆ ಬಂದೊಡನೆ ವಿಜ್ಞಾನಿಗಳು ಕೇಳುತ್ತಿದ್ದದ್ದು ‘ಇದು ಯಾವುದನ್ನು ತಡೆಯುತ್ತದೆ?’ ಎಂದು.

ಆ ಪ್ರಶ್ನೆಗೆ ಸಿಗದ ಮದ್ದುಗಳೂ ಇವೆ. ಅವುಗಳ ಪೈಕಿ ರಾಪಮೈಸಿನ್‌ನದು ಸೊಗಸಾದ ಕಥೆ. 1964ರಲ್ಲಿ ಕೆನಡಾದ ತಂಡವೊಂದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪಕ್ಕೆ ಹೋಗಿ ಮಣ್ಣಿನ ಮಾದರಿ ತಂದಿತ್ತು. ದ್ವೀಪದ ಸ್ಥಳೀಯ ಹೆಸರು ರಾಪಾ ನುಯಿ. ಆ ಮಣ್ಣಿನ ಸೂಕ್ಷ್ಮಜೀವಿಯಿಂದ ಮಾಂಟ್ರಿಯಲ್‌ನ ಏಯರ್ಸ್ಟ್ ಪ್ರಯೋಗಾಲಯದಲ್ಲಿ ಭಾರತೀಯ ಮೂಲದ ಸುರೇಂದ್ರನಾಥ ಸೆಹಗಲ್ ಮತ್ತು ಅವರ ತಂಡ ಹೊರತೆಗೆದ ವಸ್ತುವಿಗೆ ರಾಪಮೈಸಿನ್ ಎಂದು ಹೆಸರಾಯಿತು. 1983ರಲ್ಲಿ ಕಂಪನಿ ಆ ಪ್ರಯೋಗಾಲಯವನ್ನೇ ಮುಚ್ಚಿದಾಗ ಸೆಹಗಲ್ ಆ ಸೂಕ್ಷ್ಮಜೀವಿಯನ್ನು ಮನೆಯ ಫ್ರೀಜರಿನಲ್ಲಿಟ್ಟು ಕಾಪಾಡಿದರು. ಅದರಿಂದ ಬಂದ ರಾಪಮೈಸಿನ್ 1999ರಲ್ಲಿ ಮೂತ್ರಪಿಂಡ ಕಸಿ ಮಾಡಿಸಿಕೊಂಡವರ ಔಷಧವಾಗಿ ಅಮೆರಿಕದಲ್ಲಿ ಅನುಮತಿ ಪಡೆಯಿತು.

ರಾಪಮೈಸಿನ್ ಜೀವಕೋಶದೊಳಗೆ ಹೋಗಿ ಎಫ್‌ಕೆಬಿಪಿ12 ಎಂಬ ಚಿಕ್ಕ ಪ್ರೋಟೀನನ್ನು ಹಿಡಿಯುತ್ತದೆ. ಅಷ್ಟರಿಂದ ಏನೂ ಆಗುವುದಿಲ್ಲ. ಹಿಡಿದ ಮೇಲೆ ಅಣು ಮತ್ತು ಪ್ರೋಟೀನು ಎರಡೂ ಸೇರಿ ಹೊಸದೊಂದು ಮೇಲ್ಮೈ ಆಗುತ್ತದೆ. ಆ ಮೇಲ್ಮೈಗೆ ಎಮ್‌ಟಾರ್ ಎಂಬ ಇನ್ನೊಂದು ದೊಡ್ಡ ಪ್ರೋಟೀನ್ ಬಂದು ಅಂಟಿಕೊಳ್ಳುತ್ತದೆ. ಕೋಶಕ್ಕೆ ‘ಬೆಳೆ, ದ್ವಿಗುಣವಾಗು’ ಎಂದು ಹೇಳುವುದು ಈ ಎಮ್‌ಟಾರ್. ಅಂಟಿಕೊಂಡ ಮೇಲೆ ಅದರ ಬಾಯಿ ಕಟ್ಟುತ್ತದೆ. ಎಫ್‌ಕೆಬಿಪಿ12 ಮತ್ತು ಎಮ್‌ಟಾರ್ ತಾವಾಗಿ ಹೀಗೆ ಜೊತೆಗೂಡುವುದಿಲ್ಲ. ನಡುವೆ ರಾಪಮೈಸಿನ್ ಇದ್ದಾಗಲಷ್ಟೇ ಮೂವರದೂ ಒಂದು ಕೂಟ. ಇಂಥ ಮದ್ದುಗಳನ್ನು ವಿಜ್ಞಾನಿಗಳು ‘ಮಾಲಿಕ್ಯುಲರ್ ಗ್ಲೂ’, ಅಂದರೆ ಅಣುರೂಪದ ಅಂಟು ಎಂದು ಕರೆಯುತ್ತಾರೆ.

ಥಾಲಿಡೊಮೈಡ್ ಕೂಡ ಈ ಜಾತಿಗೇ ಸೇರಿದ್ದು. ಕೇಳಬೇಕಾಗಿದ್ದ ಪ್ರಶ್ನೆ ‘ಯಾವುದನ್ನು ತಡೆಯುತ್ತದೆ?’ ಎಂದಲ್ಲ, ‘ಯಾವುದನ್ನು ಯಾವುದಕ್ಕೆ ಅಂಟಿಸುತ್ತದೆ?’ ಎಂದು. ಆದರೆ ಮನುಷ್ಯನ ಜೀನೋಮಿನಲ್ಲಿ ಪ್ರೋಟೀನ್ ಬರೆಯುವ ಜೀನ್‌ಗಳೇ ಸುಮಾರು ಇಪ್ಪತ್ತು ಸಾವಿರ. ಯಾವ ಎರಡು ಅಂಟಿಕೊಂಡಿವೆ ಎಂದು ಊಹಿಸಿ ಒಂದೊಂದೇ ಜೋಡಿಯನ್ನು ಪರೀಕ್ಷಿಸುತ್ತ ಹೋದರೆ ಕೋಟಿಗಟ್ಟಲೆ ಜೋಡಿಗಳಾಗುತ್ತವೆ. ಊಹೆಯನ್ನೇ ಬೇಡದ ಉಪಕರಣವೊಂದು ಬೇಕಾಗಿತ್ತು.

ತೂಕವೇ ಗುರುತಿನ ಚೀಟಿ

ಮಾಸ್ ಸ್ಪೆಕ್ಟ್ರೋಮೀಟರ್ ಹುಟ್ಟಿ ನೂರು ವರ್ಷ ದಾಟಿದೆ. ಕೇಂಬ್ರಿಜ್‌ನಲ್ಲಿ ಫ್ರಾನ್ಸಿಸ್ ಆಸ್ಟನ್ 1919ರಲ್ಲಿ ಕಟ್ಟಿದ ಯಂತ್ರ ಪರಮಾಣುಗಳನ್ನು ತೂಗಿ, ಒಂದೇ ಧಾತುವಿನಲ್ಲಿ ಬೇರೆ ಬೇರೆ ತೂಕದ ಪರಮಾಣುಗಳಿರುವುದನ್ನು ತೋರಿಸಿತು. 1922ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು. ಯಂತ್ರದ ತತ್ವ ಸರಳ. ವಸ್ತುವಿಗೆ ವಿದ್ಯುದಾವೇಶ ಕೊಟ್ಟು ನಿರ್ವಾತದಲ್ಲಿ ಹಾರಿಸಬೇಕು. ಹಗುರವಾದದ್ದು ಬೇಗ ಓಡುತ್ತದೆ, ಸುಲಭವಾಗಿ ಬಾಗುತ್ತದೆ; ಭಾರವಾದದ್ದು ನಿಧಾನ. ಓಟವನ್ನೋ ಬಾಗನ್ನೋ ಅಳೆದರೆ ತೂಕ ಸಿಗುತ್ತದೆ. ಅಣುಲೋಕದ ತೂಕಕ್ಕೆ ಡಾಲ್ಟನ್ ಎಂಬ ಅಳತೆ. ಒಂದು ಹೈಡ್ರೋಜನ್ ಪರಮಾಣು ಸುಮಾರು ಒಂದು ಡಾಲ್ಟನ್. ಥಾಲಿಡೊಮೈಡ್ 258, ಲೆನಾಲಿಡೊಮೈಡ್ 259.

ತೊಡಕಾದದ್ದು ಪ್ರೋಟೀನ್‌ಗಳ ಸರದಿ ಬಂದಾಗ. ಅವು ಸಾವಿರಾರು ಡಾಲ್ಟನ್ ತೂಗುವ ಮಹಾಕಾಯಗಳು. ಹಾರಿಸಲು ಕಾಸಿದರೆ ಬೆಂದುಹೋಗುತ್ತವೆ, ಚೂರಾಗುತ್ತವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಫೆನ್ 1980ರ ದಶಕದ ಕೊನೆಯಲ್ಲಿ ಇದಕ್ಕೆ ದಾರಿ ಕಂಡುಹಿಡಿದರು. ಪ್ರೋಟೀನ್ ಕರಗಿದ ದ್ರವವನ್ನು ಸೂಜಿಯಂಥ ನಳಿಗೆಯ ಮೂಲಕ, ಹೆಚ್ಚಿನ ವೋಲ್ಟೇಜ್ ಹಾಯಿಸಿ, ತುಂತುರಾಗಿ ಸಿಂಪಡಿಸುವುದು. ಹನಿಗಳು ಒಣಗುತ್ತ ಕಿರಿದಾಗುತ್ತವೆ. ಕೊನೆಗೆ ನೀರೆಲ್ಲ ಆರಿ, ಆವೇಶ ಹೊತ್ತ ಪ್ರೋಟೀನು ಮಾತ್ರ ಗಾಳಿಯಲ್ಲಿ ಉಳಿಯುತ್ತದೆ. ಇದರ ಹೆಸರು ಎಲೆಕ್ಟ್ರೋಸ್ಪ್ರೇ. ಫೆನ್ 85ನೇ ವಯಸ್ಸಿನಲ್ಲಿ, 2002ರಲ್ಲಿ, ಜಪಾನಿನ ಕೋಯಿಚಿ ತನಾಕಾ ಮತ್ತು ಸ್ವಿಟ್ಜರ್ಲೆಂಡಿನ ಕುರ್ಟ್ ವ್ಯೂಟ್ರಿಷ್ ಜೊತೆ ನೊಬೆಲ್ ಹಂಚಿಕೊಂಡರು. ಅಣುಗಳ ನಡುವಿನ ಆನೆಗಳಿಗೆ ರೆಕ್ಕೆ ಕಟ್ಟಿದ ಕಥೆ ಎಂಬರ್ಥದ ಶೀರ್ಷಿಕೆಯನ್ನು ಅವರು ತಮ್ಮ ನೊಬೆಲ್ ಉಪನ್ಯಾಸಕ್ಕೆ ಇಟ್ಟಿದ್ದರು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇನ್ನೊಂದು ಸಂಗತಿ. ಎಲೆಕ್ಟ್ರೋಸ್ಪ್ರೇ ಎಷ್ಟು ಮೃದುವೆಂದರೆ, ಪ್ರೋಟೀನಿಗೆ ಸಡಿಲವಾಗಿ ಅಂಟಿಕೊಂಡ ಮದ್ದು ಕೂಡ ಬಿಟ್ಟುಹೋಗದೆ ಜೊತೆಗೇ ಹಾರಬಲ್ಲದು. 1991ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಗ್ಯಾನೆಮ್, ಲಿ ಮತ್ತು ಹೆನಿಯನ್ ಇದನ್ನು ಮೊದಲು ತೋರಿಸಿದವರ ಪೈಕಿ. ಅವರು ಆರಿಸಿಕೊಂಡ ಪ್ರೋಟೀನ್ ಅದೇ ಎಫ್‌ಕೆಬಿಪಿ. ಮದ್ದುಗಳು ಎಫ್‌ಕೆ506 ಮತ್ತು ನಮ್ಮ ಹಳೆಯ ಪರಿಚಯದ ರಾಪಮೈಸಿನ್.

ಲೆಕ್ಕ ಹೇಗೆ ನಡೆಯುತ್ತದೆ ನೋಡಿ. ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿಕೊಳ್ಳೋಣ. ಮೊದಲ ಪ್ರೋಟೀನಿನ ತೂಕ 12,000, ಎರಡನೆಯದು 11,000, ಮದ್ದು 900 ಡಾಲ್ಟನ್ ಎನ್ನಿ. ಮದ್ದು ಹಾಕದೆ ಎರಡನ್ನೂ ಬೆರೆಸಿ ತೂಗಿದರೆ 12,000 ಮತ್ತು 11,000 ಮಾತ್ರ ಕಾಣುತ್ತವೆ. 23,000 ಕಾಣುವುದಿಲ್ಲ. ಅಂದರೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದಿಲ್ಲ. ಮದ್ದು ಹಾಕಿ ತೂಗಿದಾಗ 12,900 ಬಂತೆಂದರೆ ಅದು ಮೊದಲ ಪ್ರೋಟೀನನ್ನು ಹಿಡಿದಿದೆ. 11,900 ಬರಲಿಲ್ಲವೆಂದರೆ ಎರಡನೆಯದನ್ನು ಒಂಟಿಯಾಗಿ ಹಿಡಿಯಲಾರದು. 23,900 ಬಂತೆಂದರೆ ಮೂವರ ಕೂಟ ಸಿದ್ಧವಾಗಿದೆ, ಮದ್ದು ಒಂದೇ ಒಂದು ಅಣುವಿದೆ, ಎರಡಲ್ಲ. ಯಾರು, ಯಾರ ಜೊತೆ, ಎಷ್ಟು ಸಂಖ್ಯೆಯಲ್ಲಿ ಎಂಬ ಮೂರೂ ಪ್ರಶ್ನೆಗಳಿಗೆ ಒಂದೇ ಅಂಕಿ ಉತ್ತರ ಕೊಟ್ಟಿತು.

ಯಂತ್ರದ ಪರದೆಯ ಮೇಲೆ 23,900 ಎಂದು ನೇರವಾಗಿ ಬರುವುದಿಲ್ಲ, ನಿಜ. ಅದು ಅಳೆಯುವುದು ತೂಕವನ್ನು ಆವೇಶದಿಂದ ಭಾಗಿಸಿದ ಸಂಖ್ಯೆಯನ್ನು. ಆ ಕೂಟ ಹತ್ತು ಪ್ರೋಟಾನ್ ಹೊತ್ತು ಹಾರಿದರೆ 2,391ರ ಬಳಿ ಒಂದು ಶಿಖರ, ಒಂಬತ್ತು ಹೊತ್ತರೆ 2,657ರ ಬಳಿ ಇನ್ನೊಂದು. ಅಕ್ಕಪಕ್ಕದ ಎರಡು ಶಿಖರಗಳಿದ್ದರೆ ಸಾಕು, ಹೈಸ್ಕೂಲಿನ ಬೀಜಗಣಿತದಲ್ಲೇ ಮೂಲ ತೂಕ ಹೊರಬೀಳುತ್ತದೆ.

ಟೋಕಿಯೋದ ಮಣಿಗಳು

ಆದರೆ ಹೀಗೆ ತೂಗಲು ಯಾರನ್ನು ತೂಗಬೇಕೆಂದು ಮೊದಲೇ ಗೊತ್ತಿರಬೇಕು. ಥಾಲಿಡೊಮೈಡ್ ವಿಷಯದಲ್ಲಿ ಅದೇ ಗೊತ್ತಿರಲಿಲ್ಲ. ಅದಕ್ಕೆ ಟೋಕಿಯೋ ತಾಂತ್ರಿಕ ಸಂಸ್ಥೆಯ ಹಿರೋಶಿ ಹಾಂಡಾ, ತಕುಮಿ ಇಟೋ ಮತ್ತು ಸಂಗಡಿಗರು ಬೇರೆ ಉಪಾಯ ಹೂಡಿದರು. ಅಯಸ್ಕಾಂತಕ್ಕೆ ಸಿಗುವ ಅತಿ ಸಣ್ಣ ಮಣಿಗಳಿಗೆ ಥಾಲಿಡೊಮೈಡನ್ನು ಪೋಣಿಸಿ, ಮನುಷ್ಯ ಕೋಶಗಳನ್ನು ಒಡೆದು ತೆಗೆದ ರಸದಲ್ಲಿ ಅದ್ದಿದರು. ಅಂಟದ್ದನ್ನೆಲ್ಲ ತೊಳೆದ ಮೇಲೆ ಮಣಿಗಳಿಗೆ ಕಚ್ಚಿಕೊಂಡು ಉಳಿದದ್ದು ಮುಖ್ಯವಾಗಿ ಎರಡು ಪ್ರೋಟೀನು.

ಅವು ಯಾವುವು? ಇಲ್ಲಿ ಮಾಸ್ ಸ್ಪೆಕ್ಟ್ರೋಮೀಟರಿನ ಇನ್ನೊಂದು ಬಳಕೆ. ಪ್ರೋಟೀನನ್ನು ಟ್ರಿಪ್ಸಿನ್ ಎಂಬ ಕಿಣ್ವದಿಂದ ಕತ್ತರಿಸುತ್ತಾರೆ. ಅಮೈನೋ ಆಮ್ಲಗಳ ಸರದಲ್ಲಿ ಲೈಸೀನ್ ಅಥವಾ ಆರ್ಜಿನೀನ್ ಬಂದ ಕಡೆಯಷ್ಟೇ ಟ್ರಿಪ್ಸಿನ್ ಕತ್ತರಿಸುತ್ತದೆ. ಹಾಗಾಗಿ ಪ್ರತಿ ಪ್ರೋಟೀನೂ ತನ್ನದೇ ಆದ ತುಂಡುಗಳ ಕಂತೆಯಾಗುತ್ತದೆ. ಒಂದೊಂದು ತುಂಡನ್ನೂ ತೂಗಿ, ಯಂತ್ರದೊಳಗೇ ಮತ್ತೆ ಮುರಿದು, ಚೂರುಗಳನ್ನು ತೂಗಿದರೆ ಅಕ್ಷರದ ಸಾಲು ಓದಲು ಸಿಗುತ್ತದೆ. ಅದನ್ನು ಜೀನೋಮಿನ ದತ್ತಾಂಶದಲ್ಲಿ ಹುಡುಕಿದರೆ ಹೆಸರು ಹೊರಬರುತ್ತದೆ. ಟೋಕಿಯೋದ ಮಣಿಗಳಿಗೆ ಕಚ್ಚಿಕೊಂಡಿದ್ದದ್ದು ಸೆರೆಬ್ಲಾನ್ ಮತ್ತು ಡಿಡಿಬಿ1. ಮದ್ದು ಹಿಡಿದಿದ್ದದ್ದು ಸೆರೆಬ್ಲಾನನ್ನು, ಡಿಡಿಬಿ1 ಅದರ ಕೈಹಿಡಿದು ಜೊತೆಗೆ ಬಂದಿತ್ತು. 2010ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮದ್ದನ್ನು ಹಿಡಿಯಲಾರದಂತೆ ತಿದ್ದಿದ ಸೆರೆಬ್ಲಾನ್ ಇಟ್ಟಾಗ ಜೀಬ್ರಾ ಮೀನಿನ ಮತ್ತು ಕೋಳಿಯ ಭ್ರೂಣಗಳು ಥಾಲಿಡೊಮೈಡ್‌ನ ಏಟಿನಿಂದ ಪಾರಾದವು.

ಸೆರೆಬ್ಲಾನ್ ಮತ್ತು ಡಿಡಿಬಿ1 ಸಾಮಾನ್ಯರಲ್ಲ. ಜೀವಕೋಶದಲ್ಲಿ ಹಳೆಯ, ಕೆಟ್ಟ, ಬೇಡವಾದ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸುವ ವ್ಯವಸ್ಥೆಯೊಂದಿದೆ. ಚೀಟಿ ಬಿದ್ದದ್ದು ಪ್ರೋಟಿಯಸೋಮ್ ಎಂಬ ಚೂರುಗಿರಣಿಗೆ ಹೋಗುತ್ತದೆ. ಈ ವ್ಯವಸ್ಥೆಯನ್ನು ಕಂಡುಹಿಡಿದ ಚೀಹನೋವರ್, ಹರ್ಷ್ಕೋ ಮತ್ತು ರೋಸ್ 2004ರಲ್ಲಿ ನೊಬೆಲ್ ಪಡೆದರು. ಸೆರೆಬ್ಲಾನ್ ಕೂಟ ಚೀಟಿ ಅಂಟಿಸುವವರ ಗುಂಪಿಗೆ ಸೇರಿದ್ದು. ಅಂದಮೇಲೆ ಥಾಲಿಡೊಮೈಡ್ ಅದನ್ನು ಹಿಡಿದು ಏನು ಮಾಡುತ್ತದೆ? ಅದರ ಕೆಲಸವನ್ನು ತಡೆಯುತ್ತದೆ ಎಂಬ ಹಳೆಯ ಅಭ್ಯಾಸದ ಉತ್ತರವೇ ಮೊದಲು ಬಂತು. ಅದು ಅರ್ಧ ಸತ್ಯವೂ ಆಗಿರಲಿಲ್ಲ.

ಕಾಣೆಯಾದವರ ಪಟ್ಟಿ

2014ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಾಸ್ಟನ್ನಿನ ಎರಡು ಗುಂಪುಗಳ ಪ್ರಬಂಧಗಳು ಬಂದವು. ಬೆಂಜಮಿನ್ ಎಬರ್ಟ್ ಅವರ ಗುಂಪಿನದು ಮಾಸ್ ಸ್ಪೆಕ್ಟ್ರೋಮೀಟರಿನ ದಾರಿ. ಮೈಲೋಮಾ ಕೋಶಗಳಿಗೆ ಲೆನಾಲಿಡೊಮೈಡ್ ಕೊಟ್ಟು, ಕೊಡದ ಕೋಶಗಳ ಜೊತೆ ಹೋಲಿಸಿ, ಸಾವಿರಾರು ಪ್ರೋಟೀನುಗಳಲ್ಲಿ ಯಾವುದು ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಎಂದು ಒಮ್ಮೆಗೇ ಎಣಿಸುವುದು.

ಎಣಿಸುವ ಬಗೆ ಜಾಣತನದ್ದು. ಒಂದು ಪಾತ್ರೆಯ ಕೋಶಗಳಿಗೆ ಮಾಮೂಲಿ ಅಮೈನೋ ಆಮ್ಲಗಳ ಆಹಾರ; ಇನ್ನೊಂದಕ್ಕೆ ಅದೇ ಅಮೈನೋ ಆಮ್ಲಗಳು, ಆದರೆ ಭಾರದ ಇಂಗಾಲ, ಭಾರದ ಸಾರಜನಕ ಹಾಕಿ ಮಾಡಿದವು. ಕೋಶಕ್ಕೆ ರುಚಿಯಲ್ಲಿ ವ್ಯತ್ಯಾಸವಿಲ್ಲ, ಯಂತ್ರಕ್ಕೆ ತೂಕದಲ್ಲಿ ಇದೆ. ಎರಡನ್ನೂ ಬೆರೆಸಿ ತೂಗಿದರೆ ಪ್ರತಿ ತುಂಡೂ ಅವಳಿ ಶಿಖರವಾಗಿ ಕಾಣುತ್ತದೆ. ಎರಡರ ಎತ್ತರ ಹೋಲಿಸಿದರೆ ಮದ್ದಿನ ಪರಿಣಾಮ ತಿಳಿಯುತ್ತದೆ. ಸೈಲ್ಯಾಕ್ ಎಂಬ ಹೆಸರಿನ ಈ ವಿಧಾನ 2002ರಲ್ಲಿ ಡೆನ್ಮಾರ್ಕಿನ ಮಥಿಯಾಸ್ ಮನ್ ಅವರ ಪ್ರಯೋಗಾಲಯದಿಂದ ಹೊರಬಂತು. ಆ ಮೊದಲ ಪ್ರಬಂಧದ ಲೇಖಕರಲ್ಲಿ ಅಖಿಲೇಶ್ ಪಾಂಡೆ ಒಬ್ಬರು. ಅದೇ ವರ್ಷ ಬೆಂಗಳೂರಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಕಟ್ಟಿದವರೂ ಅವರೇ. ಆ ಸಂಸ್ಥೆ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸೇರಿ 2014ರ ಮೇ ತಿಂಗಳಲ್ಲಿ ಮನುಷ್ಯನ ಪ್ರೋಟೀನುಗಳ ಕರಡು ನಕಾಶೆಯನ್ನು ‘ನೇಚರ್’ನಲ್ಲಿ ಪ್ರಕಟಿಸಿದವು, 17,294 ಜೀನ್‌ಗಳ ಪ್ರೋಟೀನುಗಳನ್ನು ಅದರಲ್ಲಿ ಗುರುತಿಸಲಾಗಿತ್ತು. ಮಾಸ್ ಸ್ಪೆಕ್ಟ್ರೋಮೀಟರಿನ ವಿದ್ಯೆ ನಮ್ಮೂರಿಗೆ ಪರಕೀಯವಲ್ಲ.

ಎಬರ್ಟ್ ಗುಂಪಿನ ಎಣಿಕೆಯಲ್ಲಿ ಎರಡು ಹೆಸರು ಎದ್ದು ಕಂಡವು: ಇಕಾರೋಸ್ ಮತ್ತು ಐಯೊಲೋಸ್. ಮದ್ದು ಬಿದ್ದ ಮೇಲೆ ಇವು ಕೋಶದಿಂದ ಬಹುಮಟ್ಟಿಗೆ ಕಾಣೆಯಾಗುತ್ತಿದ್ದವು. ಯುಬಿಕ್ವಿಟಿನ್ ಚೀಟಿ ಅಂಟಿದ ಪ್ರೋಟೀನನ್ನು ಟ್ರಿಪ್ಸಿನ್ ಕತ್ತರಿಸಿದಾಗ, ಅಂಟಿದ ಜಾಗದ ಲೈಸೀನಿನ ಮೇಲೆ 114 ಡಾಲ್ಟನ್ನಿನ ಒಂದು ಬಾಲ ಉಳಿಯುತ್ತದೆ. ಆ ಬಾಲಗಳನ್ನು ಹುಡುಕಿದಾಗಲೂ ಇವೆರಡರ ಮೇಲೆ ಚೀಟಿ ಹೆಚ್ಚಾದದ್ದು ಕಂಡಿತು. ವಿಲಿಯಂ ಕೇಲಿನ್ ಅವರ ಗುಂಪು ತೂಕದ ಯಂತ್ರವಿಲ್ಲದೆ, ಮಿಂಚುಹುಳದ ಬೆಳಕಿನ ಕಿಣ್ವವನ್ನು ಸಾವಿರಾರು ಪ್ರೋಟೀನುಗಳಿಗೆ ಒಂದೊಂದಾಗಿ ಕಟ್ಟಿ ಯಾವುದು ನಂದುತ್ತದೆ ಎಂದು ನೋಡಿ, ಅದೇ ಎರಡು ಹೆಸರಿಗೆ ಬಂದು ನಿಂತಿತು. ಬೇರೆ ಬೇರೆ ದಾರಿ ಹಿಡಿದವರು ಒಂದೇ ಮನೆಯ ಮುಂದೆ ಭೇಟಿಯಾದರೆ ವಿಳಾಸ ಸರಿಯೆಂದೇ ಲೆಕ್ಕ.

ಅರ್ಥವೂ ಆಗ ತೆರೆದುಕೊಂಡಿತು. ಮದ್ದು ಸೆರೆಬ್ಲಾನನ್ನು ತಡೆಯುತ್ತಿರಲಿಲ್ಲ. ಅದರ ಮೈಗೆ ಹೊಸ ಅಂಚೊಂದನ್ನು ಕೊಟ್ಟು, ಅದು ಎಂದೂ ಮುಟ್ಟದ ಪ್ರೋಟೀನುಗಳನ್ನು ತಂದು ಅಂಟಿಸುತ್ತಿತ್ತು. ಸೆರೆಬ್ಲಾನ್ ತನ್ನ ಕಸುಬಿನಂತೆ ಚೀಟಿ ಅಂಟಿಸಿ ಚೂರುಗಿರಣಿಗೆ ಕಳಿಸುತ್ತಿತ್ತು. ಇಕಾರೋಸ್, ಐಯೊಲೋಸ್ ಇಲ್ಲದೆ ಮೈಲೋಮಾ ಕೋಶ ಬದುಕಲಾರದು. ಎಬರ್ಟ್ ಗುಂಪು 2015ರಲ್ಲಿ ಇದೇ ಬಗೆಯಲ್ಲಿ ಇನ್ನೊಂದನ್ನು ಹಿಡಿಯಿತು. ಐದನೇ ಕ್ರೋಮೋಸೋಮಿನ ತುಂಡೊಂದು ಕಳೆದುಹೋಗಿ ಬರುವ ಒಂದು ಬಗೆಯ ರಕ್ತರೋಗಕ್ಕೆ ಲೆನಾಲಿಡೊಮೈಡ್ ಅಷ್ಟು ಚೆನ್ನಾಗಿ ನಾಟುವುದೇಕೆ? ಅದು ಕೇಸೀನ್ ಕೈನೇಸ್ 1 ಆಲ್ಫಾ ಎಂಬ ಪ್ರೋಟೀನನ್ನೂ ಅಂಟಿಸಿ ಕೆಡಿಸುತ್ತದೆ. ಆ ಪ್ರೋಟೀನಿನ ಜೀನ್ ಇರುವುದು ಕಳೆದುಹೋದ ತುಂಡಿನಲ್ಲೇ. ಮೊದಲೇ ಅರ್ಧ ಪಾಲಿನಲ್ಲಿ ಬದುಕುತ್ತಿದ್ದ ರೋಗದ ಕೋಶ ಉಳಿದದ್ದನ್ನೂ ಕಳೆದುಕೊಂಡು ಸಾಯುತ್ತದೆ. ಎರಡು ಪ್ರತಿ ಇರುವ ಆರೋಗ್ಯದ ಕೋಶ ತಾಳಿಕೊಳ್ಳುತ್ತದೆ.

ಕೂಸಿನ ಕೈಕಾಲು ಏನಾದವು?

ಕ್ಯಾನ್ಸರಿನ ಪಾಲು ತಿಳಿಯಿತು. 1961ರ ಪ್ರಶ್ನೆ ಹಾಗೇ ಉಳಿದಿತ್ತು. ಇಕಾರೋಸ್ ಮತ್ತು ಐಯೊಲೋಸ್ ರಕ್ತಕೋಶಗಳ ಕಡೆಯವು. ಕೈಕಾಲಿಗೂ ಅವಕ್ಕೂ ಸಂಬಂಧವಿಲ್ಲ. ಭ್ರೂಣದಲ್ಲಿ ಮಾತ್ರ ಮೆರೆಯುವ ಪ್ರೋಟೀನು ವಯಸ್ಸಾದವರ ಮಜ್ಜೆಯ ಕ್ಯಾನ್ಸರ್ ಕೋಶದಲ್ಲಿ ಇರಬೇಕೆಂದೇನೂ ಇಲ್ಲ. ಇಲ್ಲದ್ದನ್ನು ಯಂತ್ರ ಎಷ್ಟು ಸೂಕ್ಷ್ಮವಾಗಿ ತೂಗಿದರೂ ಕಾಣದು.

ಡಾನಾ-ಫಾರ್ಬರ್ ಸಂಸ್ಥೆಯ ಎರಿಕ್ ಫಿಷರ್ ಅವರ ಗುಂಪು ಅದಕ್ಕೇ ಕೋಶವನ್ನು ಬದಲಾಯಿಸಿತು. ಮನುಷ್ಯ ಭ್ರೂಣದ ಕಾಂಡಕೋಶಗಳಿಗೆ ಥಾಲಿಡೊಮೈಡ್ ಮತ್ತು ಅದರ ಬಳಗದ ಮದ್ದುಗಳನ್ನು ಕೊಟ್ಟು ಸಾವಿರಾರು ಪ್ರೋಟೀನುಗಳನ್ನು ಎಣಿಸಿತು. 2018ರಲ್ಲಿ ಪಟ್ಟಿಯಿಂದ ಎದ್ದು ಬಂದ ಹೆಸರು ಸಾಲ್4. ಸೆಲ್‌ಜೀನ್ ಕಂಪನಿಯ ವಿಜ್ಞಾನಿಗಳೂ ಅದೇ ವರ್ಷ ಸ್ವತಂತ್ರವಾಗಿ ಅದನ್ನೇ ಕಂಡರು. ಸಾಲ್4 ಜೀನು ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳ ಬಗ್ಗೆ ವೈದ್ಯರಿಗೆ ಮೊದಲೇ ತಿಳಿದಿತ್ತು. ಹೆಬ್ಬೆರಳು, ಮುಂಗೈ ಮೂಳೆಗಳು ಕುಂಠಿತವಾಗುವ ಆ ಸ್ಥಿತಿ ಥಾಲಿಡೊಮೈಡ್ ಮಕ್ಕಳನ್ನು ಎಷ್ಟು ಹೋಲುತ್ತದೆಂದರೆ, ಮಾತ್ರೆಯ ಬಲಿಗಳೆಂದು ಗುರುತಿಸಿದವರಲ್ಲೂ ಕೆಲವರಿಗೆ ನಿಜವಾಗಿ ಇದ್ದದ್ದು ಈ ಜೀನಿನ ದೋಷವೆಂದು ಆಮೇಲೆ ಗೊತ್ತಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಮದ್ದು ಹಿಡಿದದ್ದು ಸೆರೆಬ್ಲಾನನ್ನು, ಬಲಿಯಾದದ್ದು ಸಾಲ್4. ಇದೊಂದೇ ಎಂದೂ ಅಲ್ಲ. ಹಾಂಡಾ ಅವರ ಬಳಗ 2019ರಲ್ಲಿ ಜೀಬ್ರಾ ಮೀನಿನಲ್ಲಿ ಪಿ63 ಎಂಬ ಇನ್ನೊಂದು ಪ್ರೋಟೀನಿನ ಪಾತ್ರವನ್ನೂ ತೋರಿಸಿತು.

ಇಲಿಗಳು ಪಾರಾದದ್ದು ಹೇಗೆಂಬುದೂ ಈ ಹುಡುಕಾಟದಲ್ಲೇ ಬಯಲಾಯಿತು. ಮನುಷ್ಯನ ಸೆರೆಬ್ಲಾನಿನಲ್ಲಿ 388ನೇ ಸ್ಥಾನದಲ್ಲಿರುವುದು ವ್ಯಾಲೀನ್ ಎಂಬ ಅಮೈನೋ ಆಮ್ಲ. ಇಲಿಯಲ್ಲಿ ಅದೇ ಜಾಗದಲ್ಲಿ ಐಸೋಲ್ಯೂಸೀನ್. ಎರಡಕ್ಕೂ ಇರುವ ವ್ಯತ್ಯಾಸ ಒಂದು ಇಂಗಾಲ, ಎರಡು ಹೈಡ್ರೋಜನ್. ತೂಕದಲ್ಲಿ 14 ಡಾಲ್ಟನ್. ಅಷ್ಟು ಉಬ್ಬು ಸಾಕು, ಹೊಸ ಪ್ರೋಟೀನ್ ಬಂದು ಅಂಟಲು ಜಾಗವಿಲ್ಲ. ಮದ್ದು ಇಲಿಯ ಸೆರೆಬ್ಲಾನನ್ನು ಹಿಡಿಯುತ್ತದೆ, ಆದರೆ ಅಂಟಾಗುವುದಿಲ್ಲ. ಮೊಲಗಳಲ್ಲಿ ಮಾತ್ರ ಕೇಡು 1962ರಲ್ಲೇ ಕಂಡಿತ್ತು. ‘ಇಲಿಗೆ ಏನೂ ಆಗಲಿಲ್ಲ’ ಎಂಬ ಮಾತು ಸುಳ್ಳಾಗಿರಲಿಲ್ಲ. ಅದು ಇಲಿಯ ಬಗೆಗಿನ ಸತ್ಯವಾಗಿತ್ತು, ಅಷ್ಟೆ.

ಮೂವರನ್ನೂ ಒಟ್ಟಿಗೆ ತೂಗಿದಾಗ

ಪಟ್ಟಿಯಿಂದ ಒಂದು ಹೆಸರು ಕಾಣೆಯಾದರೆ ಅಪರಾಧಿ ಮದ್ದೇ ಎಂದು ತಕ್ಷಣ ತೀರ್ಪು ಕೊಡಲಾಗದು. ಒಂದು ಪ್ರೋಟೀನು ಕೆಟ್ಟದ್ದರಿಂದ ಇನ್ನೊಂದು ತಾನಾಗಿ ಕಡಿಮೆಯಾಗಿರಬಹುದು. ಮದ್ದು, ಸೆರೆಬ್ಲಾನ್ ಮತ್ತು ಬಲಿ ಈ ಮೂವರೂ ನಿಜವಾಗಿ ಒಂದೆಡೆ ಕೂಡಿದ್ದರೇ ಎಂಬುದಕ್ಕೆ ನೇರ ಸಾಕ್ಷ್ಯ ಬೇಕು. ಆಗ ನಾವು ಮತ್ತೆ ಕಾರ್ನೆಲ್‌ನ ಮೃದುವಾದ ತೂಕಕ್ಕೆ ಬರುತ್ತೇವೆ. ಪ್ರೋಟೀನ್ ಕೂಟವನ್ನು ಕತ್ತರಿಸದೆ, ಬಿಚ್ಚದೆ, ಇದ್ದ ಹಾಗೇ ಹಾರಿಸಿ ತೂಗುವ ಈ ವಿಧಾನಕ್ಕೆ ‘ನೇಟಿವ್’ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂದು ಹೆಸರು.

ಅದನ್ನು ಕಟ್ಟಿ ಬೆಳೆಸಿದವರಲ್ಲಿ ಮುಂಚೂಣಿಯ ಹೆಸರು ಕ್ಯಾರಲ್ ರಾಬಿನ್ಸನ್. ಇಂಗ್ಲೆಂಡಿನ ಈ ವಿಜ್ಞಾನಿ 16ನೇ ವಯಸ್ಸಿನಲ್ಲಿ ಶಾಲೆ ಬಿಟ್ಟು ಫೈಜರ್ ಕಂಪನಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿದ್ದರು. ಮಾಸ್ ಸ್ಪೆಕ್ಟ್ರೋಮೀಟರಿನ ಪರಿಚಯ ಆದದ್ದು ಅಲ್ಲೇ. ಸಂಜೆ ಕಾಲೇಜುಗಳಲ್ಲಿ ಓದಿ, ಪಿಎಚ್‌ಡಿ ಮುಗಿಸಿ, ಮೂವರು ಮಕ್ಕಳನ್ನು ಬೆಳೆಸಲು ಎಂಟು ವರ್ಷ ಸಂಶೋಧನೆಯಿಂದ ದೂರವಿದ್ದು ಮತ್ತೆ ಮರಳಿದರು. ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್ ಎರಡರಲ್ಲೂ ರಸಾಯನಶಾಸ್ತ್ರದ ಮೊದಲ ಮಹಿಳಾ ಪ್ರೊಫೆಸರ್ ಅವರೇ. ಉಪ್ಪು ಮೆತ್ತಿಕೊಂಡರೆ ತೂಕ ಕೆಡುತ್ತದಾದ್ದರಿಂದ ಈ ಕೆಲಸದಲ್ಲಿ ಪ್ರೋಟೀನನ್ನು ಮಾಮೂಲಿ ಉಪ್ಪುನೀರಿನಿಂದ ಅಮೋನಿಯಂ ಅಸಿಟೇಟ್ ದ್ರಾವಣಕ್ಕೆ ವರ್ಗಾಯಿಸುತ್ತಾರೆ. ಅದು ಹಾರುವಾಗ ಆವಿಯಾಗಿ ಹೋಗುತ್ತದೆ, ಪ್ರೋಟೀನಿನ ಮಡಿಕೆ ಹಾಳಾಗದು.

ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದಲ್ಲಿ ರೆಬೆಕಾ ಬೆವರಿಜ್ ಅವರ ಗುಂಪು ಇತ್ತೀಚೆಗೆ ಸೆರೆಬ್ಲಾನ್ ಮತ್ತು ಡಿಡಿಬಿ1 ಜೋಡಿಗೆ ಜಿಎಸ್‌ಪಿಟಿ1 ಎಂಬ ಪ್ರೋಟೀನನ್ನು ಬೆರೆಸಿ ಹೀಗೆ ತೂಗಿತು. ಥಾಲಿಡೊಮೈಡ್, ಲೆನಾಲಿಡೊಮೈಡ್, ಅದೇ ಕುಲದ ಪೊಮಾಲಿಡೊಮೈಡ್ ಮೂರರಲ್ಲಿ ಯಾವುದನ್ನು ಹಾಕಿದರೂ ಕೂಟ ಕಟ್ಟಿದ್ದು ತೂಕದಲ್ಲಿ ಕಂಡಿತು. ಸ್ವಾರಸ್ಯವೆಂದರೆ, ಜೀವಕೋಶದೊಳಗೆ ಈ ಮೂರು ಮದ್ದುಗಳು ಜಿಎಸ್‌ಪಿಟಿ1 ಅನ್ನು ಕೆಡಿಸುವುದಿಲ್ಲ. ಅದನ್ನು ಕೆಡಿಸಲು ಸಿಸಿ-885 ಎಂಬ ಬೇರೆಯೇ ಬಂಧು ಬೇಕು. ಅಂಟಿದ್ದೆಲ್ಲ ಚೂರುಗಿರಣಿಗೆ ಹೋಗುವುದಿಲ್ಲ. ಎಷ್ಟು ಹೊತ್ತು, ಎಷ್ಟು ಬಿಗಿಯಾಗಿ, ಯಾವ ಭಂಗಿಯಲ್ಲಿ ಅಂಟಿತು ಎಂಬುದರ ಮೇಲೆ ಬಲಿಯ ಹಣೆಬರಹ ನಿಂತಿದೆ.

ತೂಕಕ್ಕೆ ಭಂಗಿ ಗೊತ್ತಾಗುವುದಿಲ್ಲ. ಅದಕ್ಕೆ ಎಕ್ಸ್‌ರೇ ಸ್ಫಟಿಕಶಾಸ್ತ್ರ, ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳ ನೆರವು ಬೇಕು. ಮಾಸ್ ಸ್ಪೆಕ್ಟ್ರೋಮೀಟರಿನವರೂ ಸುಮ್ಮನೆ ಕೂತಿಲ್ಲ. ಪ್ರೋಟೀನನ್ನು ಭಾರಜಲದಲ್ಲಿ ನೆನೆಸಿದರೆ ಹೊರಗೆ ತೆರೆದಿರುವ ಕಡೆಯ ಹೈಡ್ರೋಜನ್ ಹೋಗಿ ಡ್ಯೂಟೀರಿಯಂ ಬರುತ್ತದೆ, ಪ್ರತಿ ಬದಲಿಗೂ ಒಂದು ಡಾಲ್ಟನ್ ತೂಕ ಏರುತ್ತದೆ. ಕೂಟ ಕಟ್ಟಿದಾಗ ಮುಚ್ಚಿಹೋದ ಭಾಗದಲ್ಲಿ ಏರಿಕೆ ಕಡಿಮೆ. ಹಾಗೆ ಯಾವ ಮಗ್ಗುಲು ಯಾವುದಕ್ಕೆ ತಾಗಿದೆ ಎಂಬುದನ್ನೂ ತೂಕದಿಂದಲೇ ಬಿಡಿಸಬಹುದು.

ಯಾವ ಕೋಶದಲ್ಲಿ ತೂಗಿದಿರಿ?

ಇದೆಲ್ಲ ಹಳೆಯ ಪಾಪದ ತನಿಖೆಯಷ್ಟೇ ಆಗಿದ್ದರೆ ಅಂಕಣಕ್ಕೆ ಇಷ್ಟು ಜಾಗ ಬೇಡವಾಗಿತ್ತು. ಔಷಧ ಕಂಪನಿಗಳು ಈಗ ಬೇಕೆಂದೇ ಅಂಟುಗಳನ್ನು ರೂಪಿಸುತ್ತಿವೆ. ಸಂದಿಯೇ ಇಲ್ಲದ, ಹಾಗಾಗಿ ಹಳೆಯ ಬಗೆಯ ಮದ್ದಿಗೆ ಸಿಗದ ರೋಗಕಾರಕ ಪ್ರೋಟೀನುಗಳನ್ನು ಚೀಟಿ ಅಂಟಿಸುವವರ ಬಳಿಗೆ ಎಳೆದು ತಂದು ಚೂರು ಮಾಡಿಸುವುದು ಅವುಗಳ ಗುರಿ. ಎರಡು ತುದಿಗಳಲ್ಲಿ ಎರಡು ಪ್ರೋಟೀನು ಹಿಡಿಯುವ ಪ್ರೊಟ್ಯಾಕ್ ಎಂಬ ಉದ್ದನೆಯ ಅಣುಗಳ ಕಲ್ಪನೆಯನ್ನು ವಿಜ್ಞಾನಿಗಳಾದ ಕ್ರೂಸ್ ಮತ್ತು ಡೆಶೈಸ್ 2001ರಲ್ಲಿ ಮುಂದಿಟ್ಟರು. ಅವುಗಳಲ್ಲಿ ಬಹಳಷ್ಟು ಒಂದು ತುದಿಯಲ್ಲಿ ಇದೇ ಸೆರೆಬ್ಲಾನನ್ನು, ಥಾಲಿಡೊಮೈಡ್‌ನಂಥದೇ ತುಣುಕಿನಿಂದ ಹಿಡಿಯುತ್ತವೆ. ಆದ್ದರಿಂದ ಹೊಸ ಅಣು ಸಾಲ್4ನ್ನು ಮುಟ್ಟುತ್ತದೆಯೇ ಎಂಬ ಪರೀಕ್ಷೆ ಇಂಥ ಕೆಲಸದಲ್ಲಿ ಮುಖ್ಯವಾಗಿದೆ. ನಮ್ಮ ದೇಶದ ಕಂಪನಿಗಳು ಲೆನಾಲಿಡೊಮೈಡನ್ನು ಅಗ್ಗದ ಜೆನೆರಿಕ್ ಆಗಿ ತಯಾರಿಸುತ್ತಿವೆ, ಅಮೆರಿಕಕ್ಕೂ ಕಳಿಸುತ್ತಿವೆ. ಮೈಲೋಮಾ ರೋಗಿಗಳಿಗೆ ಅದು ದೊಡ್ಡ ಆಸರೆ. ಬಸುರಾಗುವ ಸಾಧ್ಯತೆ ಇರುವವರು ಅದನ್ನು ಪರೀಕ್ಷೆ, ಮುಂಜಾಗ್ರತೆಗಳಿಲ್ಲದೆ ಮುಟ್ಟಬಾರದೆಂಬ ಎಚ್ಚರಿಕೆ ಡಬ್ಬಿಯ ಮೇಲೆ ಇರುವುದು ಏಕೆಂದು ಈಗ ಅಣುಮಟ್ಟದಲ್ಲೇ ಗೊತ್ತಿದೆ.

ಈ ಚರಿತ್ರೆಯಿಂದ ನಾನು ತೆಗೆದುಕೊಳ್ಳುವ ಪಾಠ ಯಂತ್ರದ ಹೊಗಳಿಕೆಯಲ್ಲ. ಮೈಲೋಮಾ ಕೋಶವನ್ನು ತೂಗಿದಾಗ ಇಕಾರೋಸ್ ಸಿಕ್ಕಿತು, ಭ್ರೂಣದ ಕೋಶವನ್ನು ತೂಗಿದಾಗ ಸಾಲ್4 ಸಿಕ್ಕಿತು. ಯಂತ್ರ ಎರಡು ಸಲವೂ ನಿಜವನ್ನೇ ಹೇಳಿತು. ಆದರೆ ಅದರ ಮುಂದೆ ಇಟ್ಟದ್ದರ ನಿಜವನ್ನು. ಹೊಸ ಔಷಧವೊಂದು ಸುರಕ್ಷಿತ ಎಂಬ ಸುದ್ದಿ ಬಂದಾಗಲೆಲ್ಲ, ಯಂತ್ರ ಎಷ್ಟು ದುಬಾರಿ, ಎಷ್ಟು ಸಾವಿರ ಪ್ರೋಟೀನು ಎಣಿಸಿತು ಎಂದು ಬೆರಗಾಗುವ ಮುನ್ನ ಕೇಳಬೇಕಾದದ್ದು ಬೇರೆ: ಯಾವ ಪ್ರಾಣಿಯ, ಯಾವ ಅಂಗದ, ಯಾವ ವಯಸ್ಸಿನ ಕೋಶದಲ್ಲಿ ತೂಗಿದಿರಿ? ಅದು ನುಂಗುವವರ ಕೋಶವೇ? ಈ ಪ್ರಶ್ನೆಯನ್ನು ಔಷಧ ಪರವಾನಗಿ ಕೊಡುವ ಕಚೇರಿಗಳು ಕಡ್ಡಾಯವಾಗಿ ಕೇಳಬೇಕು, ಉತ್ತರವನ್ನು ಸಾರ್ವಜನಿಕರು ಓದುವಂತೆ ಪ್ರಕಟಿಸಬೇಕು. ಅದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.